ಟ್ಯಾಂಗೊ ಹಾಡುಗಳಲ್ಲಿ ಕಳೆದುಹೋದ ಬಾಲ್ಯವನ್ನು ಓದುವ ಬಗೆ

ಟ್ಯಾಂಗೊ ಹಾಡುಗಳ ಸಾಹಿತ್ಯವನ್ನು ಓದಲು ಕುಳಿತವರು ಸಾಮಾನ್ಯವಾಗಿ ಮೊದಲು ದುಃಖವನ್ನು ಹುಡುಕುತ್ತಾರೆ. ಹುಡುಕಬೇಕಾದದ್ದು ಗೋಡೆ, ಬೀದಿಯ ಮೂಲೆ, ಕಿಟಕಿಯ ಗಾಜು. ಟ್ಯಾಂಗೊ ಎಂಬ ಕುಣಿತ-ಸಂಗೀತ ಬೆಳೆದ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಕವಿಗಳು ಬಾಲ್ಯವನ್ನು ಕತೆಯಾಗಿ ಹೇಳುವುದು ಕಡಿಮೆ, ತಾವು ಬೆಳೆದ ಕೇರಿಯ ವಸ್ತುಗಳಲ್ಲಿ ಅದನ್ನು ಅಡಗಿಸಿಡುವುದೇ ಹೆಚ್ಚು. ಆದ್ದರಿಂದ ಮೊದಲ ಓದಿನಲ್ಲಿ ಭಾವಸೂಚಕ ಪದಗಳನ್ನೆಲ್ಲ ಬದಿಗಿಟ್ಟು, ಸ್ಥಳಗಳನ್ನೂ ವಸ್ತುಗಳನ್ನೂ ಮಾತ್ರ ಗುರುತು ಹಾಕಿಕೊಳ್ಳಿ.

ಅಭ್ಯಾಸಕ್ಕೆ 1941ರ ‘ತಿಂತಾ ರೊಹಾ’ವನ್ನು ತೆಗೆದುಕೊಳ್ಳಬಹುದು. ಹೆಸರಿನ ಅರ್ಥ ಕೆಂಪು ಶಾಯಿ. ಸಾಹಿತ್ಯ ಕಾತುಲೊ ಕಾಸ್ತಿಯೊ ಅವರದು, ಸಂಗೀತ ಸೆಬಾಸ್ತಿಯಾನ್ ಪಿಯಾನಾ ಅವರದು. ಇಲ್ಲಿ ನಿಮಗೆ ಸಿಗುವುದು ಇಟ್ಟಿಗೆಯ ಗೋಡೆ, ಕೆಂಪು ಅಂಚೆಪೆಟ್ಟಿಗೆ, ರಾತ್ರಿ ಗಸ್ತಿನ ಪೊಲೀಸ್ ಮತ್ತು ದೂರ ಉಳಿದ ಪ್ರೇಮವನ್ನು ನೆನೆದು ವೈನ್ ಕುಡಿಯುತ್ತ ಅಳುವ ಇಟಲಿಯವನು ಕೂರುವ ಒಂದು ಅಗ್ಗದ ಖಾನಾವಳಿ. ಈ ಇಟಲಿಯವನ ಬಳಿ ತುಸು ಹೊತ್ತು ನಿಲ್ಲಬೇಕು. 1914ರ ಜನಗಣತಿಯ ವೇಳೆಗೆ ಬ್ಯೂನಸ್ ಐರಿಸ್‌ನ ಸುಮಾರು ಅರ್ಧದಷ್ಟು ಜನ ಹೊರದೇಶಗಳಲ್ಲಿ ಹುಟ್ಟಿದವರಾಗಿದ್ದರು. ಕಡಲಾಚೆಯ ಊರಿಗಾಗಿ ಹಂಬಲಿಸುವ ಹಿರಿಯನ ಅಳುವೇ ಇಲ್ಲಿ ಇನ್ನೊಬ್ಬನ ಬಾಲ್ಯದ ನೆನಪಾಗಿಬಿಟ್ಟಿದೆ. ಒಂದು ಹಂಬಲದ ಒಳಗೆ ಇನ್ನೊಂದು ಹಂಬಲವಿರುವ ಈ ರಚನೆಯನ್ನು ಗಮನಿಸದೆ ಹೋದರೆ ಹಾಡು ಬರಿಯ ಗೋಳಾಗಿ ಕೇಳಿಸುತ್ತದೆ. ಪಲ್ಲವಿಯ ಪ್ರಶ್ನೆಗಳ ಅನುಕ್ರಮವನ್ನೂ ನೋಡಿ: ತನ್ನ ಕೇರಿ ಎಲ್ಲಿ ಹೋಯಿತೆಂದು ಕೇಳಿದ ಮೇಲೆಯೇ ಕವಿ ತನ್ನ ಬಾಲ್ಯವನ್ನು ಕದ್ದವರು ಯಾರೆಂದು ಕೇಳುತ್ತಾನೆ.

ಕೇರಿ ಎಂಬುದಕ್ಕೆ ಈ ಪಲ್ಲವಿಯಲ್ಲಿ ಬರುವ ‘ಅರ್ರಬಾಲ್’ ಎಂಬ ಪದವನ್ನು ಉಪನಗರ ಎಂದು ಅನುವಾದಿಸಿಕೊಳ್ಳಬೇಡಿ. ಅದು ನಗರ ಮುಗಿದು ಬಯಲು ತೊಡಗುವ ಅಂಚಿನ ಬಡವರ ಕೇರಿ.

ಎರಡನೆಯ ಓದಿಗೆ ನಗರದ ನಕಾಶೆ ಬೇಕು. ಓಮೆರೊ ಮಾನ್ಸಿ ಬರೆದು ಅನಿಬಾಲ್ ತ್ರೊಯ್ಲೊ ರಾಗ ಹಾಕಿದ 1948ರ ‘ಸುರ್’, ಅಂದರೆ ದಕ್ಷಿಣ, ಸಾನ್ ಹುವಾನ್ ಮತ್ತು ಬೊಯೆದೊ ರಸ್ತೆಗಳು ಸೇರುವ ಮೂಲೆಯಿಂದ ತೊಡಗಿ ನಗರದ ದಕ್ಷಿಣದ ಪೊಂಪೆಯಾ ಬಡಾವಣೆಯನ್ನು ದಾಟಿ ನೆರೆನೀರಿನ ಕಡೆಗೆ ನೋಡುತ್ತದೆ. ನೆರೆ ಎಂದರೆ ಕಣ್ಣೀರಿನ ರೂಪಕವೆಂದು ಊಹಿಸುವ ಮೊದಲು, ರಿಯಾಚುವೆಲೊ ನದಿಯ ಬದಿಯ ಆ ತಗ್ಗು ಪ್ರದೇಶ ನಿಜವಾಗಿಯೂ ಮುಳುಗುತ್ತಿತ್ತೆಂಬುದನ್ನು ನೆನಪಿಡಿ. ಮಾನ್ಸಿ ಹುಡುಗನಾಗಿ ಓದಿದ್ದು ಪೊಂಪೆಯಾದ ಶಾಲೆಯಲ್ಲಿ. ಆದರೂ ಈ ಹಾಡಿನಲ್ಲಿ ಕಳೆದುಹೋದದ್ದು ಬಾಲ್ಯಕ್ಕಿಂತ ಹೆಚ್ಚಾಗಿ ಇಪ್ಪತ್ತರ ಹರೆಯ. ಎರಡನ್ನೂ ಒಂದೇ ಎಂದು ಓದುವುದು ಸಾಮಾನ್ಯ ತಪ್ಪು.

ಮೂರನೆಯದಾಗಿ, ಮಾತು ಯಾರನ್ನು ಉದ್ದೇಶಿಸಿದೆ ಎಂದು ಕೇಳಿಕೊಳ್ಳಿ. ಕವಿ ದಿಸೆಪೊಲೊ ಅವರ ‘ಕಾಫೆತಿನ್ ದೆ ಬ್ಯೂನಸ್ ಐರಿಸ್’ನಲ್ಲಿ, ಅಂದರೆ ‘ಬ್ಯೂನಸ್ ಐರಿಸ್‌ನ ಪುಟ್ಟ ಕೆಫೆ’ಯಲ್ಲಿ, ನಿರೂಪಕನು ಕೆಫೆಯನ್ನೇ ‘ನೀನು’ ಎಂದು ಕರೆದು, ಚಿಕ್ಕಂದಿನಲ್ಲಿ ಚಳಿಯಲ್ಲಿ ಗಾಜಿಗೆ ಮೂಗು ಒತ್ತಿ ಹೊರಗಿನಿಂದ ನೋಡುತ್ತಿದ್ದುದನ್ನು ನೆನೆದು, ಆ ಕೆಫೆಯನ್ನು ತಾಯಿಗೆ ಹೋಲಿಸುತ್ತಾನೆ.

ಕೇಳುವುದನ್ನು ಕೊನೆಗಿಟ್ಟುಕೊಳ್ಳಿ. ಕುಣಿತಕ್ಕೆಂದು ಮಾಡಿದ ಹಳೆಯ ಧ್ವನಿಮುದ್ರಣಗಳಲ್ಲಿ ಹಲವು ಬಾರಿ ಸಾಹಿತ್ಯದ ಒಂದು ಭಾಗವನ್ನಷ್ಟೇ ಹಾಡಿರುವುದರಿಂದ, ಪೂರ್ಣಪಾಠ ಕೈಯಲ್ಲಿದ್ದರೆ ಗಾಯಕ ಯಾವ ಸಾಲಿನಲ್ಲಿ ಬಾಯಿ ಮುಚ್ಚಿ ವಾದ್ಯಗಳಿಗೆ ಜಾಗ ಬಿಟ್ಟನೆಂಬುದು ತಿಳಿಯುತ್ತದೆ.