ಕ್ಯಾಟ್‌ಫಿಶ್ ಕಾಟ, ಗಬ್ಬು ವಾಸನೆಯ ಅರ್ಜಿ

ಈ ಸಲ ಎಳೆಬಲೆ ಹಾಕಿದಾಗ ನಮ್ಮ ಕೆರೆಯಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದ್ದು ಎರಡೇ ಎರಡು. ಮೂರು ವರ್ಷದ ಹಿಂದೆ ಇದೇ ಬಲೆಗೆ ಕ್ವಿಂಟಾಲ್‌ಗಟ್ಟಲೆ ಬೀಳುತ್ತಿತ್ತು. "ಅದು ಕೆರೆಗೆ ಬಿತ್ತು ಅಂದ್ರೆ ಮುಗೀತು, ಗುತ್ತಿಗೆ ಬಿಟ್ಬಿಡಣ್ಣ" ಅಂದವರೇ ಈಗ ಫೋನ್ ಮಾಡಿ, ಅದನ್ನು ಹೇಗೆ ಓಡಿಸಿದೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಬರೆದೇ ಬಿಡುತ್ತೇನೆ.

ಸುಮಾರು 30 ಎಕರೆ ಕೆರೆ, ಪಂಚಾಯಿತಿ ಗುತ್ತಿಗೆ. ಮೊದಲ ವರ್ಷ ಕಾಟ್ಲಾ, ರೋಹು ಸೇರಿ 40 ಸಾವಿರ ಮರಿ ಬಿಟ್ಟೆ. ಮರಿ, ಗಾಡಿ, ಕಾವಲು ಅಂತ 90 ಸಾವಿರದ ಹತ್ತಿರ ಹೋಯಿತು. ಕೈಗೆ ಬಂದದ್ದು 35 ಸಾವಿರವೋ ಏನೋ. ಕ್ಯಾಟ್‌ಫಿಶ್ ಹೊಟ್ಟೆ ಸೀಳಿದರೆ ಒಳಗೆ ನನ್ನ ಮರಿಗಳೇ!

ಆ ಬೇಸಿಗೆ ತೂಬು ಎತ್ತಿ ಕೆರೆ ಖಾಲಿ ಮಾಡಿಸಿದೆ. ಅಚ್ಚುಕಟ್ಟಿನ ರೈತರಿಂದ ಬೈಸಿಕೊಂಡದ್ದಷ್ಟೇ ಲಾಭ. ಈ ಮೀನು ಗಾಳಿಯನ್ನೂ ಉಸಿರಾಡುತ್ತದಲ್ವಾ, ಕೆಸರಲ್ಲಿ ಹುದುಗಿ ಕೂತಿತ್ತು. ಮಳೆ ಬಂತು, ಅದೂ ಎದ್ದು ಬಂತು.

ಮುಂದಿನ ಬೇಸಿಗೆ ನೀರೆಲ್ಲ ತೂಬಿನ ಗುಂಡಿಗೆ ಇಳಿಯುವವರೆಗೆ ಕಾದೆ. ಅರ್ಧ ಎಕರೆ ಗುಂಡಿ, ಸೊಂಟಮಟ್ಟ ನೀರು. ಮೀನು ಸಾಯಿಸಲು ಹಾಕುವುದು ಹಿಪ್ಪೆ ಹಿಂಡಿ, ಅಂದರೆ ಹಿಪ್ಪೆ ಬೀಜದ ಎಣ್ಣೆ ತೆಗೆದು ಉಳಿದದ್ದು. ಅದರ ಲೆಕ್ಕ, ಒಂದು ಮೀಟರ್ ನೀರಿದ್ದರೆ ಹೆಕ್ಟೇರಿಗೆ 2,500 ಕಿಲೋ. ತುಂಬಿದ ಕೆರೆಗೆ ಹಾಕಲು ಹೋದರೆ ಮನೆ ಮಾರಬೇಕು. ಗುಂಡಿಗೆ ಎಂಟೊಂಬತ್ತು ಮೂಟೆ ಸಾಕಾಯಿತು. ನಾಟಿ ಮೀನೂ ಸತ್ತವು, ಬೇಜಾರಾಯಿತು. ಹಿಂಡಿಯನ್ನು ಎಷ್ಟು ಹೊತ್ತು ನೆನೆಸಿದೆ, ಯಾವಾಗ ಎರಚಿದೆ ಅನ್ನುವುದನ್ನು ಮಾತ್ರ ಹೇಳಲ್ಲ. ಅದನ್ನು ಕಲಿಯಲು ಹತ್ತು ಸಾವಿರ ಕಳೆದಿದ್ದೇನೆ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುವ ಕೋಲಾರದ ಕಡೆಯವರಿಗೆ ಈ ದಾರಿ ಕಷ್ಟ, ಅಲ್ಲಿ ಕೆರೆ ಒಣಗುವುದೇ ಇಲ್ಲ.

ಇಷ್ಟಾದರೂ ಮುಂಗಾರಿಗೆ ಮತ್ತೆ ಬೆರಳುದ್ದದ ಮರಿ! ಆಗ ಬುದ್ಧಿ ಬಂತು. ಮಳೆಯಲ್ಲೇ ಕಾಲುವೆ ಹಿಡಿದು ಮೇಲಕ್ಕೆ ನಡೆದೆ. ಮೂರು ಕಿಲೋಮೀಟರ್ ದೂರ, ನೀಲಗಿರಿ ತೋಪಿನ ಹಿಂದೆ ನಾಲ್ಕು ಹೊಂಡ. ಕೋಳಿ ಅಂಗಡಿಯ ಕರುಳು, ಪುಕ್ಕ ಸುರಿದು ಇದೇ ಮೀನು ಸಾಕುತ್ತಿದ್ದರು. ತುಂಬಿದ ನೀರು ಹರಿಯುವುದು ನಮ್ಮ ಕಾಲುವೆಗೇ.

ಈ ಮೀನು ಸಾಕುವುದಕ್ಕೆ ದೇಶದಲ್ಲೇ ನಿಷೇಧವಿದೆ. 2019ರಲ್ಲಿ ಹಸಿರು ನ್ಯಾಯಮಂಡಳಿಯೂ ಗಟ್ಟಿಯಾಗಿ ಹೇಳಿದೆ. ರಾಜ್ಯದ್ದೇ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಎಲ್ಲ ಬರೆದು ಮೀನುಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟೆ. ನಾಲ್ಕು ತಿಂಗಳು ಅದು ಮೇಜಿಂದ ಮೇಜಿಗೆ ಓಡಾಡಿತು. ಸಾಹೇಬರೊಬ್ಬರು "ನಾಟಿ ಮಾಗುರ್ ಇರಬಹುದು ಕಣ್ರೀ" ಅಂದರು. ಅದು ನಿಷೇಧವಿಲ್ಲದ ನಮ್ಮ ದೇಶದ್ದೇ ಕ್ಯಾಟ್‌ಫಿಶ್. ಮೂರು ಕಿಲೋ ತೂಗುವ ನಾಟಿ ಮಾಗುರ್ ಎಲ್ಲಿದೆ ಸ್ವಾಮಿ?

ಎರಡನೇ ಅರ್ಜಿಯನ್ನು ಗ್ರಾಮ ಪಂಚಾಯಿತಿಗೆ ಹಾಕಿದೆ. ಮೀನಿನ ಮಾತು ಕೊನೆಯ ಸಾಲಲ್ಲಿ. ಮೊದಲ ಸಾಲಲ್ಲೇ ಗಬ್ಬು ವಾಸನೆ, ನೊಣ, ಕೊಳೆತ ಕರುಳು, ಪಕ್ಕದ ಕುಡಿಯುವ ನೀರಿನ ಬೋರ್‌ವೆಲ್. ಕೆಳಗೆ ಆ ಬೀದಿಯ ಹೆಂಗಸರ ನಲವತ್ತು ಸಹಿ. ಮೀನು ಯಾವ ಜಾತಿ ಅಂತ ವಾದ ಮಾಡಬಹುದು, ವಾಸನೆಯ ಬಗ್ಗೆ ಏನು ವಾದ? ಊರಿಗೆ ತೊಂದರೆ ಆದರೆ ನೋಟಿಸ್ ಕೊಡುವ ಅಧಿಕಾರ ಪಂಚಾಯಿತಿಗೇ ಇದೆ. ಹನ್ನೆರಡು ದಿನಕ್ಕೆ ಪಿಡಿಒ, ಆರೋಗ್ಯದವರು, ಮೀನುಗಾರಿಕೆಯವರು ಎಲ್ಲ ಒಂದೇ ಜೀಪಿನಲ್ಲಿ ಬಂದರು.

ಬಂದವರು ಜೆಸಿಬಿಯಿಂದ ಹೊಂಡದ ಕಟ್ಟೆ ಒಡೆಸಲು ಹೊರಟರು. ಒಡೆದಿದ್ದರೆ ಅಷ್ಟೂ ಮೀನು ನನ್ನ ಕೆರೆಗೇ! ಜೆಸಿಬಿಗೆ ಅಡ್ಡ ನಿಂತೆ. ಪಂಪಿನ ಬಾಯಿಗೆ ಸೊಳ್ಳೆಪರದೆ ಸುತ್ತಿ ನೀರು ಎತ್ತಿಸಿ, ಮೀನನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿಸಿದೆವು. ಡೀಸೆಲ್ ಖರ್ಚು ನನ್ನದೇ, ಆರು ಸಾವಿರ ಚಿಲ್ಲರೆ.

ಮಧ್ಯೆ ಕೆರೆಗೆ ಹಬ್ಬಿದ್ದ ಅಂತರಗಂಗೆ ಕಳೆಯ ಮೇಲೆ ಒಂದು ಹುಚ್ಚು ಪ್ರಯೋಗವೂ ಆಯಿತು. 80ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಅಂತರಗಂಗೆ ತಿನ್ನಲು ಮೂತಿಹುಳು ಬಿಟ್ಟಿದ್ದರಲ್ವಾ, ಅಂಥವೇ ಹುಳು ಇದ್ದ ಗಿಡಗಳನ್ನು ಎರಡು ಚೀಲ ತಂದು ಬಿಟ್ಟೆ. ಎಲೆ ತುಂಬ ತೂತಾಯಿತು, ಕಳೆ ಹಾಗೇ ಹಬ್ಬಿತು. ಮೇಲೆ ಚರಂಡಿ ನೀರಿನ ಗೊಬ್ಬರ ಸಿಗುವಾಗ ಹುಳು ಎಷ್ಟು ತಿಂದೀತು? ಮೇಲಿಂದ ಮತ್ತೆ ಮೀನು ಬರದಿರಲಿ ಅಂತ ಕಾಲುವೆ ಬಾಯಿಗೆ ಜಾಲರಿ ಹಾಕಿದ್ದೆ. ಅದೇ ಕಳೆ ಅದಕ್ಕೆ ಸಿಕ್ಕಿಕೊಂಡು ಒಂದು ರಾತ್ರಿ ಕಾಲುವೆ ಏರಿಗೇ ಕುತ್ತು ತಂದಿತ್ತು. ಈಗ ಜಾಲರಿಯನ್ನು ಓರೆಯಾಗಿ ನಿಲ್ಲಿಸಿದ್ದೇನೆ, ಕಳೆ ಬದಿಗೆ ಸರಿಯುತ್ತದೆ.

ಈ ವರ್ಷ ಖರ್ಚು ಕಳೆದು ಲಕ್ಷದ ಮೇಲೆ ಉಳಿದಿದೆ. ಅರ್ಜಿಯ ನಕಲು ಬೇಕಾದರೆ ಬಂದು ತಗೊಳ್ಳಿ. ಮೊನ್ನೆ ಪಕ್ಕದ ಊರಿನವರು ಒಯ್ದರು, ಅವರ ಕೆರೆಯ ಮೇಲೆ ಏಳು ಹೊಂಡ ಇವೆಯಂತೆ.