ಒಂದೇ ಪಾತ್ರೆ, ಐದು ನಾಲಿಗೆ

ನನ್ನ ಹೆಂಡತಿ ನರ್ಸ್. ಮಧ್ಯಾಹ್ನದ ಡ್ಯೂಟಿ ಇರುವ ವಾರ ಅವಳು ಮನೆ ಸೇರುವಾಗ ರಾತ್ರಿ ಎಂಟೂಮುಕ್ಕಾಲು. ನಾನು ಆಫೀಸು ಮುಗಿಸಿ, ಟ್ಯೂಷನ್ನಿನಿಂದ ಮಗಳನ್ನು ಕರೆದುಕೊಂಡು ಬರುವಾಗ ಆರೂವರೆ. ಮಗಳು ನಾಲ್ಕನೇ ಕ್ಲಾಸು, ಮಗ ಯುಕೆಜಿ. ಜೊತೆಗೆ ನಮ್ಮವ್ವ. ಮಂಡ್ಯ ಕಡೆಯ ಹಳ್ಳಿ ಬಿಟ್ಟು ಮೈಸೂರಿಗೆ ನಮ್ಮ ಜೊತೆ ಇರಲು ಬಂದು ಆರು ವರ್ಷ ಆಯಿತು. ಮಂಡಿ ನೋವಿರುವುದರಿಂದ ಅವರಿಗೆ ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಹಾಗಾಗಿ ಆ ವಾರಗಳಲ್ಲಿ ರಾತ್ರಿ ಅಡುಗೆ ನನ್ನದು. ಎಂಟು ಗಂಟೆಗೆ ತಟ್ಟೆಗೆ ಊಟ ಬೀಳಬೇಕು. ಎಂಟೂಕಾಲು ದಾಟಿದರೆ ಮಗ ಸೋಫಾ ಮೇಲೆ ನಿದ್ದೆ ಹೋಗಿರುತ್ತಾನೆ. ನಿದ್ದೆಗಣ್ಣಿನ ಮಗುವಿಗೆ ಉಣಿಸುವುದು ಎಷ್ಟು ಕಷ್ಟ ಅಂತ ಉಣಿಸಿದವರಿಗೇ ಗೊತ್ತು.

ಮೊದಲ ಒಂದು ವರ್ಷ ನಾನು ಎಲ್ಲರಿಗೂ ಬೇರೆ ಬೇರೆ ಮಾಡುತ್ತಿದ್ದೆ. ಅವ್ವನಿಗೆ ಮುದ್ದೆ, ಹೆಂಡತಿಗೆ ಚಪಾತಿ, ಮಗನಿಗೆ ಖಾರ ಇಲ್ಲದ ಬೇಳೆ, ಮಗಳು ಆ ದಿನ ಏನು ಕೇಳಿದರೆ ಅದು. ಪ್ರೀತಿ ಅಂದರೆ ಇದೇ ಅಂದುಕೊಂಡಿದ್ದೆ. ಒಂದು ದಿನ ಮಗಳು ನೋಟ್‌ಬುಕ್ಕಿನ ಹಾಳೆ ಹರಿದು ಮೆನು ಬರೆದಳು. ಅದನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿದಳು. ಮಗ ಕುರ್ಚಿ ಮೇಲೆ ಕುಳಿತು ಟೇಬಲ್ ಬಡಿದು ಕೂಗಿದ: ‘ಭಟ್ರೇ, ಇವತ್ತು ಬಿಸಿ ಏನಿದೆ?’ ನನಗೆ ನಗು ತಡೆಯಲಾಗಲಿಲ್ಲ. ಅವ್ವನಿಗೆ ಮಾತ್ರ ನಗು ಬರಲಿಲ್ಲ. ‘ಮನೆ ಹೋಟ್ಲಾಗ್ಬಿಟ್ಟದೆ ಕಣ್ಲಾ ಮಗ. ನಾಳೆಯಿಂದ ಉಪ್ಸಾರು ಮಾಡು. ಎಲ್ಲಾ ಒಂದೇ ಉಣ್ಲಿ’ ಅಂದರು.

ಅವತ್ತು ಅವ್ವ ಹೇಳಿದ ಆ ಒಂದು ಮಾತಿನಿಂದ ನಮ್ಮ ಮನೆಯ ರಾತ್ರಿ ಊಟವೇ ಬದಲಾಯಿತು.

ಉಪ್ಸಾರು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೇಳೆ ಅಥವಾ ಕಾಳನ್ನು ಸೊಪ್ಪಿನ ಜೊತೆ ಉಪ್ಪು ಹಾಕಿ ಬೇಯಿಸಿ ಬಸಿದುಕೊಳ್ಳುತ್ತೇವೆ. ಬಸಿದ ಕಟ್ಟೇ ಸಾರು. ಉಳಿದ ಸೊಪ್ಪು, ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಸ್ಸಾರಿನಲ್ಲಿ ಮಸಾಲೆ ರುಬ್ಬಿ ಸಾರಿಗೇ ಹಾಕಿ ಕುದಿಸುತ್ತಾರೆ. ಉಪ್ಸಾರಿನಲ್ಲಿ ಖಾರ ಬೇರೆಯೇ ಇರುತ್ತದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಉಪ್ಪು, ಚೂರು ಹುಣಸೆಹಣ್ಣು. ಮೆಣಸಿನಕಾಯಿ ಬಾಡಿಸಿಕೊಂಡು ತರಿತರಿಯಾಗಿ ರುಬ್ಬಿದರೆ ಆಯಿತು. ಅದನ್ನು ತಟ್ಟೆಯ ಅಂಚಿಗೆ ಇಟ್ಟುಕೊಂಡು ಎಷ್ಟು ಬೇಕೋ ಅಷ್ಟು ಸಾರಿಗೆ ಕಲಸಿಕೊಳ್ಳುವುದು.

ಇದರಲ್ಲಿ ಎಷ್ಟು ಬುದ್ಧಿ ಇದೆ ನೋಡಿ. ಪಾತ್ರೆ ಒಂದೇ. ಮಗನ ತಟ್ಟೆಗೆ ಬರೀ ಕಟ್ಟು, ಮೇಲೆ ಒಂದು ಚಮಚ ತುಪ್ಪ. ಮಗಳಿಗೆ ಬೆರಳ ತುದಿಯಷ್ಟು ಖಾರ. ಅವ್ವನಿಗೆ ನೆಲ್ಲಿಕಾಯಿ ಗಾತ್ರ. ಹೆಂಡತಿ ಡ್ಯೂಟಿ ಮುಗಿಸಿ ಬಂದ ದಿನ ಅವ್ವನಿಗಿಂತ ಜಾಸ್ತಿ ಹಾಕಿಕೊಳ್ಳುತ್ತಾಳೆ. ಯಾರಿಗೂ ಬೇರೆ ಅಡುಗೆ ಬೇಡ, ಎಲ್ಲರಿಗೂ ಅವರವರ ರುಚಿ. ನಮ್ಮ ಕಡೆಯ ಹೆಂಗಸರು ತುಂಬಿದ ಮನೆಗಳಲ್ಲಿ ಮುದುಕರು, ಮಕ್ಕಳು, ಗದ್ದೆಯಿಂದ ಬಂದವರು ಎಲ್ಲರಿಗೂ ಒಂದೇ ಒಲೆಯಲ್ಲಿ ಬೇಯಿಸಿದವರು. ಈ ಸಾರಿನ ಮೇಲೆ ನನಗೆ ತುಂಬಾ ಗೌರವ.

ನನ್ನ ಲೆಕ್ಕ ಇಷ್ಟು: ಅರ್ಧ ಲೋಟ ತೊಗರಿಬೇಳೆ, ನಾಲ್ಕು ಲೋಟ ನೀರು, ಎರಡು ಕೂಗು. ಪ್ರೆಷರ್ ಪೂರ್ತಿ ಇಳಿದ ಮೇಲೆ ಮುಚ್ಚಳ ತೆಗೆದು ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಐದು ನಿಮಿಷ ಕುದಿಸುವುದು. ಬೇಳೆ ಕರಗಿಹೋಗಬಾರದು, ಕರಗಿದರೆ ಬಸಿಯಲು ಆಗುವುದಿಲ್ಲ. ದಂಟು, ಕೀರೆ, ಸಬ್ಬಸಿಗೆ ಯಾವುದಾದರೂ ಸರಿ. ಭಾನುವಾರ ದೇವರಾಜ ಮಾರುಕಟ್ಟೆಯಿಂದ ಸೊಪ್ಪು ತಂದು, ಬೇರು ಕತ್ತರಿಸಿ, ತೊಳೆಯದೆ ಕಾಟನ್ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಬುಧವಾರದವರೆಗೂ ಚೆನ್ನಾಗಿರುತ್ತದೆ. ತೊಳೆಯುವುದು ಮಾಡುವ ಹೊತ್ತಿಗೆ. ಬೆಳ್ಳುಳ್ಳಿ ಸುಲಿಯುವುದು ಅವ್ವನ ಕೆಲಸ, ಧಾರಾವಾಹಿ ನೋಡುತ್ತಾ ವಾರಕ್ಕಾಗುವಷ್ಟು ಸುಲಿದಿಡುತ್ತಾರೆ.

ಇನ್ನು ಮಕ್ಕಳ ಕೆಲಸ. ಅಡುಗೆ ಹೊತ್ತಿನಲ್ಲಿ ಮಗನನ್ನು ದೂರ ಕೂರಿಸಿದರೆ ಎರಡು ನಿಮಿಷಕ್ಕೊಮ್ಮೆ ಬಂದು ಕಾಲು ತಬ್ಬಿಕೊಳ್ಳುತ್ತಿದ್ದ. ಬಿಸಿ ಪಾತ್ರೆ ಕೈಯಲ್ಲಿರುವಾಗ ಅದು ಅಪಾಯ. ಅದಕ್ಕೆ ಅಡುಗೆಮನೆ ಹೊಸ್ತಿಲ ಆಚೆ ಒಂದು ಸ್ಟೂಲು ಹಾಕಿ, ಕುಕ್ಕರ್ ಕೂಗು ಎಣಿಸುವ ಜವಾಬ್ದಾರಿ ಕೊಟ್ಟೆ. ಬೆರಳು ಮಡಚಿ ಎಣಿಸಬೇಕು, ಎರಡಾದಾಗ ‘ಅಪ್ಪಾ ಆಫ್’ ಅನ್ನಬೇಕು. ಅವನು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡ ಅಂದರೆ, ಆ ಹೊತ್ತಲ್ಲಿ ಯಾರು ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲ.

ಮೂರನೇ ದಿನ ನಾನು ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ‘ಅಪ್ಪಾ ಆಫ್!’ ಓಡಿ ಬಂದು ಆರಿಸಿದೆ. ತೆಗೆದು ನೋಡಿದರೆ ಬೇಳೆ ಕಲ್ಲಿನ ಹಾಗೆ ಇತ್ತು. ಮಗನನ್ನು ಕೇಳಿದೆ. ‘ಎರಡು ಕೂಗಿತು’ ಅಂದ. ಪಾಪ, ಸುಳ್ಳು ಹೇಳುವ ಮಗು ಅಲ್ಲ. ಆಗ ಪಕ್ಕದ ಮನೆ ಕಿಟಕಿಯಿಂದ ಜೋರಾಗಿ ಒಂದು ಕೂಗು ಕೇಳಿಸಿತು. ಮಗ ಖುಷಿಯಿಂದ ಮೂರನೇ ಬೆರಳು ಮಡಚಿದ. ಅವನು ಎಣಿಸಿದ್ದು ಪಕ್ಕದ ಮನೆ ಕುಕ್ಕರನ್ನು! ‘ಯಾರ ಮನೆ ಕುಕ್ಕರ್ ಅಂತ ನೀನು ಹೇಳಲೇ ಇಲ್ಲ’ ಅಂದ. ನಿಜ ತಾನೇ? ಅವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವತ್ತು ಊಟ ಎಂಟೂವರೆಗೆ ಆಯಿತು. ಆದರೂ ಮಗ ನಿದ್ದೆ ಹೋಗಲಿಲ್ಲ. ತಾನು ಎಣಿಸಿದ ಸಾರು ಅಂತ ಕಾದು ಕುಳಿತ, ಎರಡು ಸಲ ಹಾಕಿಸಿಕೊಂಡ. ಅಲ್ಲಿಂದ ನನಗೆ ಒಂದು ವಿಷಯ ಗೊತ್ತಾಯಿತು. ಮಗುವಿಗೆ ರುಚಿಗಿಂತ ಮುಂಚೆ ಬೇಕಾಗಿರುವುದು ಆ ಅಡುಗೆಯಲ್ಲಿ ತನ್ನದೊಂದು ಪಾಲು.

ಉಪ್ಸಾರು ಅಂದಮೇಲೆ ಮುದ್ದೆ. ಮುದ್ದೆಗೆ ಹೊತ್ತು ಹಿಡಿಯುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ನನಗೆ ಹದಿನೈದು ನಿಮಿಷ ಸಾಕು. ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು, ಇದು ನಮ್ಮ ಮನೆ ಹಿಟ್ಟಿನ ಅಳತೆ. ಒಂದು ಚಮಚ ಹಿಟ್ಟನ್ನು ಮೊದಲೇ ತಣ್ಣೀರಲ್ಲಿ ಕದಡಿ ಎಸರಿಗೆ ಹಾಕುತ್ತೇನೆ. ಕುದಿ ಬಂದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕಲಕದೆ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಡುತ್ತೇನೆ. ಆಮೇಲೆ ಕೋಲಿನಲ್ಲಿ ಗಂಟಿಲ್ಲದ ಹಾಗೆ ತಿರುವಿ, ಮುಚ್ಚಿ ಎರಡು ನಿಮಿಷ ಹಬೆಯಲ್ಲಿ ಬಿಟ್ಟು, ಒದ್ದೆ ಕೈಯಲ್ಲಿ ಕಟ್ಟುವುದು. ಆತುರ ಪಟ್ಟು ಬೇಗ ಕಲಕಿದರೆ ಹಸಿ ವಾಸನೆ ಉಳಿಯುತ್ತದೆ. ಮಕ್ಕಳಿಗೆ ಕಟ್ಟುವ ಮುದ್ದೆ ನಿಂಬೆಹಣ್ಣಿನ ಗಾತ್ರದ್ದು. ಒಂದು ಪೂರ್ತಿ ತಿಂದರೆ ಗೆದ್ದ ಖುಷಿ ಸಿಗುತ್ತದೆ.

ಮಗ ಮೊದಮೊದಲು ಮುದ್ದೆಯನ್ನು ಅಗಿಯುತ್ತಿದ್ದ, ಹಲ್ಲಿಗೆಲ್ಲಾ ಅಂಟಿಸಿಕೊಂಡು ಅಳುತ್ತಿದ್ದ. ಅವ್ವ ಪಕ್ಕದಲ್ಲಿ ಕುಳಿತು ಸಾರಲ್ಲಿ ಅದ್ದಿ ನುಂಗುವುದನ್ನು ಕಲಿಸಿದರು. ಕಲಿಸುವಾಗ ಗಾದೆಯನ್ನೂ ಹೇಳಿದರು: ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ.’ ಅರ್ಥ ಕೇಳಿದ. ಮುದ್ದೆ ತಿಂದವನು ಬೆಟ್ಟವನ್ನೇ ಕಿತ್ತಿಡುತ್ತಾನೆ ಅಂದೆ. ಮೈಸೂರಿನ ಮಗುವಿಗೆ ಬೆಟ್ಟ ಅಂದರೆ ಒಂದೇ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟುಬಿಟ್ಟ. ‘ಬೇಡ ಅಪ್ಪ. ಬೆಟ್ಟ ಕಿತ್ತರೆ ಚಾಮುಂಡಿ ಅಮ್ಮ ಎಲ್ಲಿ ಇರ್ತಾರೆ?’ ಅವನಿಗೆ ನಿಜವಾಗಿ ಭಯ ಆಗಿತ್ತು. ಕೊನೆಗೆ ಮಗಳೇ ಪರಿಹಾರ ಕೊಟ್ಟಳು: ‘ನೀನು ಸಣ್ಣ ಮುದ್ದೆ ತಿಂತೀಯಲ್ಲ, ನಿಂಗೆ ಬರೀ ಕಲ್ಲು ಎತ್ತೋಕೆ ಆಗತ್ತೆ.’ ಆಮೇಲೆ ತಿಂದ.

ರಾಗಿ ವಿಷಯದಲ್ಲಿ ಅವ್ವನದು ಒಂದು ಮಾತಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಘೋಷಿಸಿತ್ತಲ್ಲ, ಮಗಳು ಶಾಲೆಯಿಂದ ಬಂದವಳೇ ‘ಅಜ್ಜಿ, ಈ ವರ್ಷ ಎಲ್ಲರೂ ರಾಗಿ ತಿನ್ನಬೇಕಂತೆ’ ಅಂದಳು. ಅವ್ವ ಕೇಳಿದರು: ‘ಹಂಗಾರೆ ನಾನು ಎಪ್ಪತ್ತು ವರ್ಷ ತಿಂದದ್ದು ಲೆಕ್ಕಕ್ಕಿಲ್ವಾ?’ ನನ್ನ ಹೆಂಡತಿ ಪೂರ್ತಿ ಅವ್ವನ ಪಕ್ಷ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಬೆಳೆಯುವ ಮೂಳೆಗೆ ಬೇಕು ಅಂತ ಅವಳೂ ಹೇಳುತ್ತಾಳೆ.

ದಿನಾ ಮುದ್ದೆ ಆಗುವುದಿಲ್ಲ. ವಾರಕ್ಕೆ ಎರಡು ರಾತ್ರಿ ದೋಸೆ. ಮೂರು ಅಕ್ಕಿಗೆ ಒಂದು ಉದ್ದು, ಒಂದು ಚಮಚ ಮೆಂತ್ಯ. ಭಾನುವಾರ ರುಬ್ಬಿ ಹುದುಗಿಸಿದರೆ ಫ್ರಿಜ್ಜಿನಲ್ಲಿ ಗುರುವಾರದವರೆಗೂ ಬರುತ್ತದೆ. ಇಲ್ಲೂ ಅದೇ ದಾರಿ. ಹಿಟ್ಟು ಒಂದೇ, ಮೇಲೆ ಹಾಕುವುದು ಅವರವರ ಇಷ್ಟ. ಅವ್ವನಿಗೆ ಈರುಳ್ಳಿ, ಮಗಳಿಗೆ ಕ್ಯಾರೆಟ್ ತುರಿ, ಮಗನಿಗೆ ಬೆಲ್ಲ ತುಪ್ಪ.

ಮಗಳಿಗೆ ಪರಿಸರ ಅಧ್ಯಯನದ ಟೆಸ್ಟ್ ಇದ್ದ ಹಿಂದಿನ ರಾತ್ರಿ ದೋಸೆಯನ್ನು ಕರ್ನಾಟಕದ ಭೂಪಟದ ಹಾಗೆ ಹುಯ್ದೆ. ಅವಳು ಪಕ್ಕದಲ್ಲಿ ನಿಂತು ತಿದ್ದಿದಳು: ‘ಬೀದರ್ ಇಲ್ಲ ಅಪ್ಪ, ಮೇಲಕ್ಕೆ ಹಾಕು.’ ಸೌಟಿನ ತುದಿಯಿಂದ ಬೀದರ್ ಸೇರಿಸಿದೆ. ತಟ್ಟೆಗೆ ಹಾಕಿ ಜಿಲ್ಲೆ ಹೇಳಿಸುತ್ತಾ ಕುಳಿತಿದ್ದೆವು. ಕರಾವಳಿ ಮುಗಿಯಿತು, ಮಲೆನಾಡು ಮುಗಿಯಿತು. ಅಷ್ಟರಲ್ಲಿ ಮಗ ಕೈ ಹಾಕಿ ಬೀದರ್ ಕಿತ್ತು ಬಾಯಿಗೆ ಹಾಕಿಕೊಂಡ. ಮಗಳು ಜೋರಾಗಿ ಅಳುವುದಕ್ಕೆ ಶುರು ಮಾಡಿದಳು: ‘ನಾಳೆ ಟೆಸ್ಟಲ್ಲಿ ಬೀದರ್ ಬಂದರೆ ನಾನು ಏನು ಬರೀಲಿ?’ ಇನ್ನೊಂದು ಕರ್ನಾಟಕ ಹುಯ್ಯಬೇಕಾಯಿತು. ಟೆಸ್ಟಿನಲ್ಲಿ ಬೀದರ್ ಬಂದಿತ್ತು. ಸರಿಯಾಗಿ ಗುರುತಿಸಿದ್ದಳು.

ಉಳಿದ ದಿನಗಳದ್ದು ಸುಲಭ. ಒಂದು ದಿನ ಚಿತ್ರಾನ್ನ. ಮೆಣಸಿನಕಾಯಿಯನ್ನು ಸಣ್ಣಗೆ ಹೆಚ್ಚದೆ ಉದ್ದಕ್ಕೆ ಸೀಳಿ ಹಾಕುತ್ತೇನೆ, ಬೇಡದವರು ತೆಗೆದಿಡಬಹುದು. ಕಡಲೆಕಾಯಿ ಬೀಜವನ್ನು ಬೇರೆ ಹುರಿದು ಇಬ್ಬರಿಗೂ ಎಣಿಸಿ ಹಾಕುತ್ತೇನೆ. ತಲಾ ಹದಿನೈದು. ಎಣಿಸದೆ ಹಾಕಿದ ದಿನ ನಮ್ಮ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆದಿದೆ. ಮತ್ತೊಂದು ದಿನ ಮೊಸರನ್ನ, ಜೊತೆಗೆ ಹಪ್ಪಳ. ಅವ್ವನ ಕುಂಡದಲ್ಲಿ ದೊಡ್ಡಪತ್ರೆ ಚಿಗುರಿದ್ದರೆ ತಂಬುಳಿ, ಹತ್ತೇ ನಿಮಿಷ.

ಹೆಂಡತಿ ಬರುವಾಗ ಮಕ್ಕಳ ಊಟ ಮುಗಿದಿರುತ್ತದೆ. ಆದರೂ ಅವಳ ತಟ್ಟೆಗೆ ಖಾರ ಹಾಕುವುದು ಮಗಳೇ. ‘ಇವತ್ತು ಎಷ್ಟು ಜನ ಪೇಶೆಂಟು?’ ಅಂತ ಕೇಳುತ್ತಾಳೆ. ಜಾಸ್ತಿ ಅಂದರೆ ದೊಡ್ಡ ಉಂಡೆ, ಕಡಿಮೆ ಅಂದರೆ ಚಿಕ್ಕದು. ಈ ಲೆಕ್ಕವನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಬೇಳೆ ಬೇಯದ ಆ ದಿನದ ಕತೆಯನ್ನು ಅವ್ವ ಮಾರನೆಯ ದಿನವೇ ಪಕ್ಕದ ಮನೆಯವರಿಗೆ ಹೇಳಿದ್ದರು. ಈಗ ಸಂಜೆ ಏಳು ಗಂಟೆಗೆ ಮಗ ಸ್ಟೂಲಿನ ಮೇಲೆ ಕೈ ಮುಂದೆ ಚಾಚಿ ಕುಳಿತಿರುತ್ತಾನೆ. ಆಚೆ ಕುಕ್ಕರ್ ಕೂಗಿದ ಕೂಡಲೇ ಕಿಟಕಿಯಿಂದ ಆಂಟಿಯ ದನಿ ಬರುತ್ತದೆ: ‘ಪುಟ್ಟಾ, ಇದು ನಮ್ದು ಕಣೋ, ಎಣಿಸಬೇಡ!’ ಇವನು ಮಡಚಿದ ಬೆರಳನ್ನು ಮೆಲ್ಲಗೆ ಬಿಚ್ಚುತ್ತಾನೆ.