ಲುಬುಂಟುವಿನಲ್ಲಿ ಪರದೆಗೆ ಬೀಗ ಹಾಕುವುದು ಹೇಗೆ?

ಕೊಡಗಿನ ಹೋಂಸ್ಟೇಗಳಲ್ಲಿ ಬಾಗಿಲ ಬಳಿಯ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಅತಿಥಿಗಳ ಆಧಾರ್ ಪ್ರತಿಗಳಿರುತ್ತವೆ. ಕಾಫಿ ತೋಟದ ಆಫೀಸಿನಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಬಳಸುವ ಕಂಪ್ಯೂಟರಿನಲ್ಲಿ ಕಾರ್ಮಿಕರ ಚೆಕ್‌ರೋಲ್ (ಹಾಜರಿ ಮತ್ತು ಕೂಲಿಯ ಪಟ್ಟಿ) ಮತ್ತು ಬ್ಯಾಂಕ್ ಖಾತೆಯ ವಿವರಗಳಿರುತ್ತವೆ. ನಂಬಿ ಕೊಟ್ಟವರ ಮಾಹಿತಿಯನ್ನು ಇಟ್ಟುಕೊಂಡವರು, ಕುರ್ಚಿಯಿಂದ ಎದ್ದು ಹೋದಾಗ ಪರದೆಗೆ ತಾನಾಗಿಯೇ ಬೀಗ ಬೀಳುವಂತೆ ನೋಡಿಕೊಳ್ಳಲೇಬೇಕು. ಹಳೆಯ ಕಂಪ್ಯೂಟರುಗಳಲ್ಲೂ ಹಗುರವಾಗಿ ಓಡುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಆದ ಲುಬುಂಟುವಿನಲ್ಲಿ ಈ ಕೆಲಸ ಮಾಡುವುದು 1992ರಿಂದ ಬಳಕೆಯಲ್ಲಿರುವ ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ತಂತ್ರಾಂಶ.

ಮೆನುವಿನ ಪ್ರಿಫರೆನ್ಸಸ್ ವಿಭಾಗದಲ್ಲಿ ಸ್ಕ್ರೀನ್‌ಸೇವರ್ ತೆರೆದು, ಮೋಡ್ ಎಂಬಲ್ಲಿ ‘ಬ್ಲ್ಯಾಂಕ್ ಸ್ಕ್ರೀನ್ ಓನ್ಲಿ’ ಆರಿಸಿಕೊಳ್ಳಿ. ಪಟ್ಟಿಯಲ್ಲಿರುವ ಚಲಿಸುವ ಚಿತ್ರಗಳು ಸೊಗಸಾಗಿವೆ, ನಿಜ. ಆದರೆ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅಚ್ಚೊತ್ತಿಬಿಡುತ್ತಿದ್ದ ಹಳೆಯ ದಪ್ಪ ಮಾನಿಟರುಗಳಿಗೆ ಬೇಕಿದ್ದ ಆ ರಕ್ಷಣೆ ಇಂದಿನ ಎಲ್‌ಸಿಡಿ ಪರದೆಗಳಿಗೆ ಅಷ್ಟಾಗಿ ಬೇಕಿಲ್ಲ. ಮೇಲಾಗಿ ತ್ರೀಡಿ ಚಿತ್ರ ಬಿಡಿಸುವುದರಲ್ಲೇ ಹಳೆಯ ಪ್ರೊಸೆಸರ್ ದುಡಿದು, ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿಯೂ ಬೇಗ ಇಳಿಯುತ್ತದೆ.

ಮುಂದಿನದು ಮುಖ್ಯವಾದ ಹಂತ. ‘ಬ್ಲ್ಯಾಂಕ್ ಆಫ್ಟರ್’ ಎಂಬುದು ಪರದೆ ಕಪ್ಪಾಗುವ ಸಮಯ ಮಾತ್ರ. ಕಪ್ಪಾದ ಪರದೆಗೆ ಬೀಗ ಬಿದ್ದಿದೆ ಎಂದು ತಿಳಿಯಬಾರದು, ಮೌಸ್ ಅಲುಗಾಡಿಸಿದರೆ ಎಲ್ಲವೂ ಮತ್ತೆ ಕಾಣಿಸುತ್ತದೆ. ಆದ್ದರಿಂದ ಕೆಳಗಿನ ‘ಲಾಕ್ ಸ್ಕ್ರೀನ್ ಆಫ್ಟರ್’ ಎಂಬುದಕ್ಕೆ ಗುರುತು ಹಾಕಿ. ಅಲ್ಲಿ ಬರೆಯುವ ನಿಮಿಷಗಳು ಪರದೆ ಕಪ್ಪಾದ ಮೇಲಿನ ಲೆಕ್ಕ: ಮೇಲೆ 5, ಇಲ್ಲಿ 10 ಎಂದಿಟ್ಟರೆ ಬೀಗ ಬೀಳಲು ಒಟ್ಟು 15 ನಿಮಿಷ ಬೇಕಾಗುತ್ತದೆ. ಜನ ಓಡಾಡುವ ಜಾಗದಲ್ಲಿ ಮೇಲೆ 3, ಇಲ್ಲಿ 0 ಇಡುವುದು ಒಳ್ಳೆಯದು. ಅಡ್ವಾನ್ಸ್ಡ್ ಪುಟದಲ್ಲಿ ಪವರ್ ಮ್ಯಾನೇಜ್‌ಮೆಂಟ್‌ಗೂ ‘ಕ್ವಿಕ್ ಪವರ್ ಆಫ್’ ಎಂಬುದಕ್ಕೂ ಗುರುತು ಹಾಕಿದರೆ ಕಪ್ಪಾದೊಡನೆ ಮಾನಿಟರ್ ಕೂಡ ಆರುತ್ತದೆ.

ಫೈಲ್ ಮೆನುವಿನ ‘ಲಾಕ್ ಸ್ಕ್ರೀನ್ ನೌ’ ಒತ್ತಿ ಪರೀಕ್ಷಿಸಿ. ಅದಕ್ಕೆ ಮೊದಲು ತೆರೆದಿರುವ ಕಡತಗಳನ್ನು ಉಳಿಸಿಕೊಂಡು, ಕೀಲಿಮಣೆ ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಇಲ್ಲವಾದರೆ ನೀವು ಒತ್ತುವ ಕೀಲಿಗಳು ಚುಕ್ಕಿಗಳಾಗಿ ಮಾತ್ರ ಕಾಣುತ್ತ ಒಳಗೆ ಕನ್ನಡ ಅಕ್ಷರಗಳೇ ಬೀಳುವುದರಿಂದ, ಸರಿಯಾದ ಪಾಸ್‌ವರ್ಡ್ ಕೂಡ ತಪ್ಪೆಂದೇ ತೋರುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದನ್ನು ಮರೆಯುವಂತಿಲ್ಲ. ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗಿ ಬಂದ ಮೇಲೆ ಯಾರಾದರೂ ಕಂಪ್ಯೂಟರ್ ಚಾಲೂ ಮಾಡುತ್ತಾರೆ. ಲುಬುಂಟು ಹಾಕುವಾಗ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಆಯ್ಕೆಯನ್ನು ಒಪ್ಪಿಕೊಂಡಿದ್ದರೆ ಅದು ನೇರವಾಗಿ ಡೆಸ್ಕ್‌ಟಾಪ್‌ಗೆ ಬಂದು ನಿಲ್ಲುತ್ತದೆ, ಹಾಕಿದ ಬೀಗವೆಲ್ಲ ವ್ಯರ್ಥ. ಲಾಗಿನ್ ಪರದೆಯನ್ನು ನಡೆಸುವ ಎಸ್‌ಡಿಡಿಎಂ ಎಂಬ ತಂತ್ರಾಂಶದ ಸಂರಚನಾ ಕಡತದಲ್ಲಿ ಆಟೋಲಾಗಿನ್ ಭಾಗದಲ್ಲಿರುವ ಬಳಕೆದಾರರ ಹೆಸರನ್ನು ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಪಾಸ್‌ವರ್ಡ್ ಕೇಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.